ನಾಲ್ಕು ಹಲ್ಲು, ಒಂದು ಕಚ್ಚು

ಇನ್ನೊಂದು ಸಲ ಒತ್ತಿದ್ರೆ ಬಂದ್ಬಿಡಬಹುದು ಅನ್ನೋದು ನಂಬಿಕೆ ಅಲ್ಲ, ಬರೀ ಚಟ ಅಂತ ಗೊತ್ತಿದ್ದೂ ಅವಳು ಆರನೇ ಸಲ ಬಟನ್ ಒತ್ತಿದ್ಲು. ಫ್ಯಾನು ಗುಂಯ್ ಅಂತು. ನೀಲಿ ದೀಪ ಬಂತು. ಪರದೆ ಕಪ್ಪಾಗಿ, ಆ ಕಪ್ಪಿನ ಎಡಗಡೆ ಮೂಲೇಲಿ ಅದೇ ಬಿಳಿ ಸಾಲು ಬಂದು ನಿಂತ್ಕೊಂತು: ಶುರು ಮಾಡೋಕೆ ಬೇಕಾದ ಡಿಸ್ಕ್ ಸಿಗ್ತಿಲ್ಲ, ಡಿಸ್ಕ್ ಹಾಕಿ ಯಾವುದಾದ್ರೂ ಕೀ ಒತ್ತಿ. ಹಾಕಿದೀನಲ್ಲಪ್ಪಾ, ಒಂದಲ್ಲ ಹೊಸಾದು ಎರಡು ಹಾಕಿದೀನಿ, ಇನ್ನೇನು ನಿನ್ನ ಕಾಲಿಗೆ ಬೀಳ್ಬೇಕಾ ಅಂತ ಮನಸ್ಸಲ್ಲೇ ಬೈದ್ಲು. ಬೀಳೋದೇನು ಬಂತು, ಆಗ್ಲೇ ಬಿದ್ದಿದ್ಲು. ಕೌಂಟರ್ ಕೆಳಗೆ ನೆಲದ ಮೇಲೆ ಮಂಡಿ ಊರಿ, ಪಕ್ಕದ ತಗಡು ಬಿಚ್ಚಿದ ಕಂಪ್ಯೂಟರ್ ಡಬ್ಬಿಯೊಳಗೆ ತಲೆ ತೂರಿಸಿ ಕೂತಿದ್ಲು. ಅಲ್ಲಿಂದ ತಲೆ ತಿರುಗಿಸಿದ್ರೆ ಗಾಜಿನ ಬಾಗಿಲಾಚೆ ಕಾಣ್ತಿದ್ದದ್ದು ಎರಡು ಪಾದ. ಅಕ್ಕನ ಹಲ್ಲಿನ ಕ್ಲಿನಿಕ್ಕಿನ ಕುರ್ಚಿ ಮೇಲೆ ಒರಗಿದ್ದ ಕ್ಲಾರಿನೆಟ್ ಮೇಷ್ಟ್ರ ಪಾದ. ಬೂದು ಕಾಲುಚೀಲ, ಬಲಗಾಲಿನ ಹೆಬ್ಬೆರಳ ಹತ್ರ ಬೇರೆ ಬಣ್ಣದ ದಾರದಲ್ಲಿ ಹೊಲಿಗೆ. ಆ ಹೆಬ್ಬೆರಳು ತಾಳ ಹಾಕ್ತಿತ್ತು. ಒಂದು ಎರಡು ಮೂರು, ಬಿಡೋದು. ಒಂದು ಎರಡು ಮೂರು, ಬಿಡೋದು. ಅವರ ಮೇಲ್ಸಾಲಿನ ನಾಲ್ಕು ಮುಂದಿನ ಹಲ್ಲನ್ನ ಅಕ್ಕ ಹನ್ನೆರಡೂವರೆ ಹೊತ್ತಿಗೆ ಉಜ್ಜಿ ಸಣ್ಣ ಸಣ್ಣ ಗೂಟ ಮಾಡಿಟ್ಟಿದ್ಲು. ಈಗ ಎರಡಾಗ್ತಾ ಬಂದಿತ್ತು. ಗೂಟದ ಮೇಲೆ ಕೂರಬೇಕಾದ ಹೊಸ ಹಲ್ಲಿನ ಆಕಾರ ಇದ್ದದ್ದು ಈ ಡಬ್ಬಿಯೊಳಗೆ. ಇತ್ತು ಅನ್ನೋದಾ ಇದೆ ಅನ್ನೋದಾ ಅಂತ ಅವಳಿಗೆ ಗೊತ್ತಾಗ್ತಿರ್ಲಿಲ್ಲ.

ಬೆಳಿಗ್ಗೆ ಬಂದಾಗ ಮೇಷ್ಟ್ರು ಬಾಯಿ ತೆರೆಯೋ ಮುಂಚೆ ಜೇಬಿಂದ ಕ್ಲಾರಿನೆಟ್ಟಿನ ಮೌತ್‌ಪೀಸ್ ತೆಗೆದು, ಕರವಸ್ತ್ರದಲ್ಲಿ ಒರೆಸಿ, ಹಲ್ಲಿಗೆ ಹಿಡಿದು ತೋರಿಸಿದ್ರು. ಮುಂದಿನ ಎರಡು ಹಲ್ಲಿನ ತುದಿ ಸೇರೋ ಕಡೆ ಒಂದು ಕಚ್ಚಿತ್ತು. ಮೂವತ್ತೊಂದು ವರ್ಷ ಅದೇ ಜಾಗಕ್ಕೆ ಅದೇ ತುಂಡು ಕೂತು ಕೂತು ಸವೆದದ್ದು. ಅವರು ಕೈ ಬಿಟ್ರೂ ಮೌತ್‌ಪೀಸ್ ಒಂದು ಕ್ಷಣ ಅಲ್ಲೇ ನಿಂತಿತ್ತು, ಬಾಗಿಲ ಚಿಲಕ ಹಾಕಿದ ಹಾಗೆ. "ಹಲ್ಲು ಬಿರುಕು ಬಿಟ್ಟಿದೆ, ಒಪ್ಪಿದೆ. ಉಜ್ಜಿ, ಕೊರೀರಿ, ಏನು ಬೇಕಾದ್ರೂ ಮಾಡಿ ಡಾಕ್ಟ್ರೇ. ಈ ಕಚ್ಚು ಮಾತ್ರ ಹಾಗ್‌ಹಾಗೇ ಬರ್ಬೇಕು. ಒಂದು ಕೂದಲಷ್ಟು ಆಚೀಚೆ ಆಯ್ತೋ, ಗಾಳಿ ಸೋರುತ್ತೆ. ಶನಿವಾರ ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ಕೂರಿಸಿ ನುಡಿಸಿ ನೋಡ್ತಾರೆ, ವೃಂದದಲ್ಲಿ ಯಾರು ಇರ್ಬೇಕು ಯಾರು ಮನೆಗೆ ಹೋಗ್ಬೇಕು ಅಂತ. ನಂಗೆ ಮನೇಲಿ ಮಾಡೋಕೆ ಏನೂ ಕೆಲಸ ಇಲ್ಲ." ಅಕ್ಕ ನಕ್ಕು, "ನಮ್ಮ ಕಂಪ್ಯೂಟರ್‌ಗೆ ಕೂದಲೂ ಕಾಣುತ್ತೆ ಮೇಷ್ಟ್ರೇ, ತಲೆ ಕೆಡಿಸ್ಕೋಬೇಡಿ" ಅಂದು ಪೆನ್ನಿನ ಹಾಗಿದ್ದ ಕ್ಯಾಮೆರಾನ ಬಾಯೊಳಗೆ ಸುತ್ತಿಸಿದ್ಲು. ಪರದೆ ಮೇಲೆ ಹಲ್ಲು ಒಂದೊಂದಾಗಿ ಮೊಳೀತು. ಕಚ್ಚು ಮೊಳೀತು. ಎಷ್ಟು ಸ್ಪಷ್ಟ ಅಂದ್ರೆ ಬೆರಳಿಟ್ರೆ ತಾಗ್ತಿತ್ತೇನೋ. ಆಮೇಲೆ ಕಂಪ್ಯೂಟರ್ ರಾಗ ತೆಗೀತು: ಉಳಿಸಿದೆ, ಆದ್ರೆ ಇನ್ನು ಜಾಗ ಇಲ್ಲ.

"ಉಜ್ಜಿದ ಮೇಲೆ ಇನ್ನೊಂದ್ಸಲ ತೆಗೀಬೇಕಲ್ಲೇ, ಅದನ್ನ ನನ್ನ ತಲೇಲಿ ಇಟ್ಕೊಳ್ಲಾ?" ಅಂದಿದ್ಲು ಅಕ್ಕ. "ಆ ಹೊಸ ಡ್ರೈವ್‌ಗಳು ಬಂದು ವಾರ ಆಯ್ತು ಪುಟ್ಟಿ. ಹತ್ತು ನಿಮಿಷದ ಕೆಲಸ ಅಂತಿದ್ದೆ."

"ಹತ್ತು ಯಾಕೆ, ಎಂಟು ಸಾಕು."

"ಊಟದ ಹೊತ್ತಲ್ಲಿ ಹಾಕ್ಬಿಡು. ಅದಕ್ಕೆ ಮುಂಚೆ ಇವತ್ತಿನದೂ ಸೇರಿಸಿ ಎಲ್ಲಾ ಕಾಪಿ ಮಾಡ್ಕೊ. ಮಾಡ್ತೀಯಾ?"

"ಹೂಂ."

ಆ ಹೂಂ ಎಷ್ಟು ಸಲೀಸಾಗಿ ಬಂತು. ಬಾಯಿ ಕೂಡ ಪೂರ್ತಿ ತೆರೀಬೇಕಿಲ್ಲ ಅದಕ್ಕೆ. ಹೂಂ ಅಂದು ಅವಳು ಫೋನ್ ನೋಡಿದ್ಲು, ಯಾಕಂದ್ರೆ ಹತ್ತೂ ಮುಕ್ಕಾಲಿಗೆ ರಿಸಲ್ಟ್ ಬಂದಿತ್ತು, ಪ್ರಾಕ್ಟಿಕಲ್‌ನಲ್ಲಿ ಅವಳ ಹೆಸರಿನ ಮುಂದೆ ಇದ್ದ ಅಂಕ ನೋಡಿ ಇದು ಬೇರೆ ಯಾರದ್ದೋ ಅಂತ ಪುಟ ಮುಚ್ಚಿ ತೆರೆದು, ಮುಚ್ಚಿ ತೆರೆದು, ಹನ್ನೊಂದೂವರೆ ಆಯ್ತು. ಕಂಪ್ಯೂಟರ್ ಓದೋ ಹುಡುಗಿ ಕಂಪ್ಯೂಟರ್ ಪ್ರಾಕ್ಟಿಕಲ್‌ನಲ್ಲಿ ಫೇಲು. ನಗು ಬರೋ ಹಾಗಿತ್ತು, ಬೇರೆ ಯಾರಿಗಾದ್ರೂ ಆಗಿದ್ರೆ. ಅವತ್ತು ಎದುರಿಗೆ ಕೂತಿದ್ದ ಪರೀಕ್ಷಕರು ಏನೋ ಕೇಳಿದ್ರು, ಉತ್ತರ ಗೊತ್ತಿರ್ಲಿಲ್ಲ, ಗೊತ್ತಿಲ್ಲ ಅನ್ನೋ ಬದ್ಲು ಐದು ನಿಮಿಷ ಮಾತಾಡಿದ್ಲು. ಅವರು ಪೆನ್ನಿನ ಮುಚ್ಚಳ ಹಾಕಿ, "ನೀವು ಚೆನ್ನಾಗಿ ಮಾತಾಡ್ತೀರಮ್ಮ" ಅಂದಿದ್ರು. ಅಷ್ಟೇ ಅಂದಿದ್ದು. ಎಲ್ಲಾ ಕಾಪಿ ಮಾಡೋಕೆ ಒಂದೂವರೆ ಗಂಟೆ ಬೇಕು. ಇವತ್ತಿನದೊಂದನ್ನೇ ಮಾಡಿದ್ರೆ ನಾಲ್ಕು ನಿಮಿಷ. ನಾಲ್ಕು ನಿಮಿಷವೂ ಮಾಡಿರ್ಲಿಲ್ಲ. ಊಟದ ಡಬ್ಬಿ ತರೋಕೆ ಎರಡು ಬೀದಿ ಆಚೆ ಮನೆಗೆ ಹೋದಾಗ, ಕಾಪಿ ಇಡೋಕೆ ಅಂತ್ಲೇ ತರಿಸಿದ್ದ ಅಂಗೈಯಗಲದ ಡಿಸ್ಕು ಅವಳ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚದೆ ಹೊಳೀತಿತ್ತು. ನೋಡಿದ್ಲು. ಎಷ್ಟೋ ಸಲ ಮಾಡಿದ ಕೆಲಸ ಅಲ್ವಾ, ಏನಾಗುತ್ತೆ ಅಂದ್ಕೊಂಡ್ಲು. ಎಷ್ಟೋ ಸಲ ಅಂದ್ರೆ ಒಂದ್ಸಲ, ಗೆಳತಿಯ ಕಂಪ್ಯೂಟರ್‌ಗೆ, ಅದೂ ಗೆಳತಿಯ ಅಣ್ಣ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದ.

ಹೊಸ ಡ್ರೈವ್ ಎರಡರಲ್ಲಿ ಒಂದು ಇಟ್ಟಿಗೆ ಥರದ್ದು, ಕೇಬಲ್ ಸಿಕ್ಕಿಸಿ ಕೆಳಗಿನ ಗೂಡಲ್ಲಿ ಕೂರಿಸಿದ್ಲು. ಇನ್ನೊಂದು ಚ್ಯೂಯಿಂಗ್ ಗಮ್ಮಿನ ಪಟ್ಟಿ ಥರ, ಅದಕ್ಕೆ ಕೇಬಲ್ಲೇ ಇಲ್ಲ, ಮದರ್‌ಬೋರ್ಡಿನ ಮೇಲಿರೋ ಸೀಳಿನೊಳಗೆ ನೂಕಿ ಒಂದು ಇರುವೆಯಷ್ಟು ಸ್ಕ್ರೂ ತಿರುಗಿಸಿದ್ರೆ ಮುಗೀತು. ಎಂಟು ನಿಮಿಷದಲ್ಲಿ ನಿಜವಾಗ್ಲೂ ಮುಗಿದಿತ್ತು. ಬಟನ್ ಒತ್ತಿ "ಟಡಾ" ಅಂತ ಬೇರೆ ಅಂದಿದ್ಲು. ಅಚ್ಚಿನ ಮಾಮ ಬಾಗಿಲ ಹತ್ರ ನಿಂತು ನೋಡ್ತಿದ್ರು.

ಅಚ್ಚಿನ ಮಾಮ ಅಂದ್ರೆ ಇಪ್ಪತ್ತೆರಡು ವರ್ಷದಿಂದ ಈ ಕ್ಲಿನಿಕ್ಕಿನಲ್ಲಿ ಗಾರೆ ಕಲಸಿ ಹಲ್ಲಿನ ಅಚ್ಚು ತೆಗೀತಿದ್ದವರು, ಅಕ್ಕ ಇದನ್ನ ಕೊಂಡ್ಕೊಳ್ಳೋ ಮುಂಚೆ ಇದ್ದ ಹಳೇ ಡಾಕ್ಟ್ರ ಕಾಲದಿಂದ. ಉಗುರಿನ ಸಂದೀಲಿ ಈಗ್ಲೂ ಬಿಳಿ. ಎರಡು ತಿಂಗಳ ಹಿಂದೆ ಅವಳೇ ಅಕ್ಕಂಗೆ ಹೇಳಿದ್ಲು, ಎಲ್ಲಾ ಕಂಪ್ಯೂಟರಲ್ಲಿ ಇರೋವಾಗ ಇನ್ನೂ ಯಾಕೆ ಗಾರೆ, ಹಳೇ ಅಚ್ಚು ತುಂಬಿರೋ ಆ ಕಪಾಟು ಖಾಲಿ ಮಾಡಿದ್ರೆ ಇನ್ನೊಂದು ಕುರ್ಚಿ ಹಾಕಬಹುದು ಅಂತ. ಇವತ್ತು ಬೆಳಿಗ್ಗೆ ಮೇಷ್ಟ್ರು ಕಚ್ಚಿನ ವಿಷಯ ಹೇಳ್ತಿದ್ದಾಗ ಮಾಮ ಸದ್ದಿಲ್ಲದೆ ರಬ್ಬರ್ ಬಟ್ಟಲು, ಚಮಚ ತಂದು ನಿಂತಿದ್ರು. ಅವಳು ಕಂಪ್ಯೂಟರ್ ನೆತ್ತಿ ತಟ್ಟಿ, "ಬೇಡ ಮಾಮ, ಎಲ್ಲಾ ಇದರೊಳಗೆ ಬಂತು" ಅಂದಿದ್ಲು. ಮಾಮ ಬಟ್ಟಲು ವಾಪಸ್ ತಗೊಂಡು ಹೋಗಿ, ಬಳಸದೇ ಇದ್ರೂ ತೊಳೆದು ಬೋರಲು ಹಾಕಿದ್ರು. ಆ ನೀರಿನ ಸದ್ದು ಈಗ ಕೇಳಿಸ್ತಿತ್ತು ಅವಳಿಗೆ. ಈಗ ನಿಜವಾಗ್ಲೂ ಕೇಳಿಸ್ತಿದ್ದದ್ದು ಒಳಗೆ ಅಕ್ಕ ಕೈ ತೊಳೀತಿದ್ದ ಸದ್ದು, ಎರಡೂ ಒಂದೇ ಅನ್ನಿಸ್ತು.

ಏಳನೇ ಸಲಕ್ಕೆ ಕೀ ಒತ್ತಿ ಹಿಡಿದು ಸೆಟ್ಟಿಂಗ್ ಪುಟಕ್ಕೆ ಹೋದ್ಲು. ಮೊದ್ಲಿಗೆ ಸಮಾಧಾನ ಆಗಿತ್ತು, ಓ, ಯಾವ ಡಿಸ್ಕಿಂದ ಶುರು ಆಗ್ಬೇಕು ಅನ್ನೋ ಸರದಿ ತಪ್ಪಿದೆ ಅಷ್ಟೇ, ಹೊಸಬರು ಮುಂದೆ ನುಗ್ಗಿ ನಿಂತಿದಾರೆ, ಹಳಬನ್ನ ಮುಂದಕ್ಕೆ ಕರೆದ್ರೆ ಆಯ್ತು. ಡಿಸ್ಕುಗಳ ಹೆಸರಿನ ಪಟ್ಟಿ ತೆರೆದ್ಲು. ಇಟ್ಟಿಗೆ ಇತ್ತು. ಪಟ್ಟಿ ಥರದ್ದು ಇತ್ತು. ಹಳೇದು ಇರ್ಲಿಲ್ಲ. ಹಿಂದೆ ಮುಂದೆ ಹೋಗಿ ಬಂದು ನೋಡಿದ್ಲು, ಮದುವೆ ಫೋಟೋದಲ್ಲಿ ತನ್ನ ಮುಖ ಹುಡುಕೋರ ಹಾಗೆ. ಇರ್ಲಿಲ್ಲ. ಹಳೇ ಡಿಸ್ಕಿನ ಕೇಬಲ್ ಕಿತ್ತು ಒತ್ತಿ ಸಿಕ್ಕಿಸಿದ್ಲು, ಕೇಬಲ್ಲೇ ಬದಲಾಯಿಸಿದ್ಲು, ಬೆರಳಿಟ್ಟು ನೋಡಿದ್ಲು, ಬೆಚ್ಚಗಿತ್ತು. ಬೆಚ್ಚಗಿದೆ ಅಂದ್ರೆ ಜೀವ ಇದೆ ಅಂತಾನಾ, ಈಗಷ್ಟೇ ಹೋಯ್ತು ಅಂತಾನಾ. ಆಗ ಒಂದೊಂದೇ ನೆನಪಾಗೋಕೆ ಶುರು ಆಯ್ತು. ಅಕ್ಕ "ಬೇಗ" ಅಂದಾಗ ಅದರ ದೀಪ ಇನ್ನೂ ಮಿಟುಕ್ತಿದ್ದಾಗ್ಲೇ ಬಟನ್ ಅದುಮಿ ಹಿಡಿದು ಆಫ್ ಮಾಡಿದ್ದು. ಏಸಿ ಚಳಿ ಅಂತ ಉಣ್ಣೆ ಸ್ವೆಟರ್ ಹಾಕಿದ್ದು, ಡಬ್ಬಿಗೆ ಕೈ ಹಾಕಿದಾಗ ಬೆರಳ ತುದೀಲಿ ಚಿಟಕ್ ಅಂದದ್ದು. ಆ ಚಿಟಕ್. ಅಷ್ಟು ಸಣ್ಣ ಸದ್ದಿಗೆ ಮೂವತ್ತೊಂದು ವರ್ಷದ ಕಚ್ಚು ಹೋಗುತ್ತಾ? ಉಣ್ಣೆಯಿಂದ ಮೈಗೇರಿದ ಕರೆಂಟಿಗೆ ಡಿಸ್ಕೇ ಹೋಗುತ್ತೆ ಅಂತ ಪುಸ್ತಕದಲ್ಲಿದೆ, ಅವಳೇ ಅಡಿಗೆರೆ ಎಳೆದಿದ್ಲು.

ಅಕ್ಕ ಮಾಸ್ಕ್ ಗದ್ದಕ್ಕಿಳಿಸಿ ಒಳಗೆ ಬಂದು ಬಾಗಿಲು ಎಳ್ಕೊಂಡ್ಲು. ಪೂರ್ತಿ ಮುಚ್ಚಲಿಲ್ಲ ಅದು, ಯಾವತ್ತೂ ಒಂದು ಬೆರಳಷ್ಟು ತೆರೆದೇ ಇರೋದು.

"ಎಂಟು ನಿಮಿಷ ಅಂದಿದ್ದೆ ತಾಯಿ."

"ಆಗ್ತಿದೆ ಅಕ್ಕ, ಸಣ್ಣ ಸೆಟ್ಟಿಂಗು."

"ಒಂದು ಗಂಟೆಯಿಂದ ಸಣ್ಣದಾಗ್ತಾನೇ ಇದೆ ಅದು. ಇಂಜೆಕ್ಷನ್ ಇಳಿಯೋಕೆ ಶುರು ಆದ್ರೆ ಅವರಿಗೆ ಗಾಳಿ ಸೋಕಿದ್ರೂ ಜುಂ ಅನ್ನುತ್ತೆ ಗೊತ್ತಾ? ಸುಮ್ನೆ ಗುದ್ದಾಡಬೇಡ. ಆ ಕಾಪಿ ತೆಗಿ, ನನ್ನ ಲ್ಯಾಪ್‌ಟಾಪಲ್ಲಿ ಹಾಕಿ ನೋಡೋಣ. ಇನ್ನೊಂದು ಸ್ಕ್ಯಾನೂ ಅದರಲ್ಲೇ ಮಾಡ್ತೀನಿ."

ಇದನ್ನ ಅಕ್ಕ ಕೇಳೇ ಕೇಳ್ತಾಳೆ ಅಂತ ಅವಳಿಗೆ ಯಾಕೆ ಹೊಳೆದಿರ್ಲಿಲ್ಲ? ಹೊಳೆದಿತ್ತು. ಅದಕ್ಕೇ ತಲೆಯನ್ನ ಡಬ್ಬಿಯಿಂದ ಆಚೆ ತೆಗೆದಿರ್ಲಿಲ್ಲ.

"ಅದು ಮನೇಲಿದೆ." ತನ್ನ ದನಿ ಡಬ್ಬಿಯೊಳಗೆ ತಗಡು ತಗಡಾಗಿ ಕೇಳಿಸ್ತು. "ಕಾಪೀನ ಯಾವಾಗ್ಲೂ ಬೇರೆ ಜಾಗದಲ್ಲಿ ಇಡ್ಬೇಕು ಅಕ್ಕ, ಒಂದೇ ಕಡೆ ಇಟ್ರೆ ಕಾಪಿ ಮಾಡಿ ಪ್ರಯೋಜನ ಏನು, ಬೆಂಕಿ ಗಿಂಕಿ ಬಿದ್ರೆ. ಊಟ ತರೋಕೆ ಹೋದಾಗ ನನ್ನ ಮೇಜಿನ ಮೇಲೆ ಇಟ್ಟು ಬಂದೆ, ಒಂದು ಕಪ್ಪು ಡಬ್ಬಿ."

ನೀವು ಚೆನ್ನಾಗಿ ಮಾತಾಡ್ತೀರಮ್ಮ.

"ಅಷ್ಟು ಬುದ್ಧಿ ಇರೋಳು ಮೊದ್ಲೇ ಬೊಗಳೋಕೇನು," ಅಂದ ಅಕ್ಕನ ಮುಖ ಸಡಿಲ ಆಯ್ತು. ಆ ಸಡಿಲ ಆದದ್ದನ್ನ ನೋಡಬಾರದಿತ್ತು. ಅಕ್ಕ ಬಾಗಿಲಾಚೆ ತಲೆ ಹಾಕಿ, "ಏನೂ ಗಾಬರಿ ಇಲ್ಲ ಮೇಷ್ಟ್ರೇ, ಇನ್ನೊಂದು ಕಾಪಿ ಇದೆ ನಮ್ಮ ಹತ್ರ, ತರಿಸ್ತಿದೀನಿ" ಅಂದ್ಲು. "ಮಾಮಾ, ಒಂಚೂರು ಮನೆಗೆ ಹೋಗ್ಬನ್ನಿ. ಇವಳ ಮೇಜಿನ ಮೇಲೆ ಒಂದು ಕಪ್ಪು ಡಬ್ಬಿ ಇದೆಯಂತೆ."

"ನಾನೇ ಹೋಗ್ತೀನಿ," ಅಂದ್ಲು ಅವಳು. ಹೋಗಿ ಏನು ಮಾಡ್ತಿದ್ಲೋ, ಬಹುಶಃ ನಡೀತಾನೇ ಇರ್ತಿದ್ಲು.

"ನೀನು ಬಿಚ್ಚಿಟ್ಟಿದ್ದನ್ನ ಯಾರು ಮುಚ್ತಾರೆ? ಕೂತ್ಕೊ."

ಮಾಮ ಚಪ್ಪಲಿ ಮೆಟ್ಟಿಕೊಂಡ್ರು. ಅವರ ಮಂಡಿ ನೋವು ಎಲ್ಲರಿಗೂ ಗೊತ್ತು, ಕ್ಲಿನಿಕ್ಕಿನ ನಾಲ್ಕು ಮೆಟ್ಟಿಲನ್ನ ಅವರು ಒಂದೊಂದಕ್ಕೂ ಎರಡೂ ಕಾಲಿಟ್ಟು ಇಳೀತಾರೆ. ಟಪ್ ಟಪ್, ಟಪ್ ಟಪ್. ಅವಳು ಎಣಿಸಿದ್ಲು. ನಾಲ್ಕನೇದಕ್ಕೆ ಕೂಗಬಹುದಿತ್ತು. ಮಾಮ ಬೇಡ, ಅದರೊಳಗೆ ಏನೂ ಇಲ್ಲ. ಐದು ಪದ. ನಾಲಿಗೆ ಬಾಯೊಳಗೆ ಹಸಿ ಗಾರೆ ಥರ ಮೆತ್ತಿಕೊಂಡಿತ್ತು. ರಸ್ತೆ ಸದ್ದು ಬಂತು, ಬಾಗಿಲು ಮುಚ್ಚಿತು, ಹೋಯ್ತು.

ಇಪ್ಪತ್ತು ನಿಮಿಷ. ಅಷ್ಟರೊಳಗೆ ಸರಿ ಮಾಡ್ಬಿಟ್ರೆ ಯಾರಿಗೂ ಯಾವತ್ತೂ ಗೊತ್ತಾಗಲ್ಲ ಅನ್ನೋ ಯೋಚನೆ ಬಂದ ತಕ್ಷಣ ಕೈ ಫೋನಿಗೆ ಹೋಯ್ತು. ಗೆಳತಿಯ ಅಣ್ಣಂಗೆ ಫೋನ್ ಮಾಡಿದ್ರೆ? ಮಾಡಿದ್ಲು. ರಿಂಗ್ ಆಗ್ತಾ ಇತ್ತು, ಆಗ್ತಾ ಇತ್ತು, ಆಮೇಲೆ ಸಂದೇಶ ಬಂತು: ಮೀಟಿಂಗಲ್ಲಿದೀನಿ, ಏನು? ಟೈಪ್ ಮಾಡಿದ್ಲು, ಹಳೇ ಡಿಸ್ಕ್ ಕಾಣ್ತಿಲ್ಲ. ತಕ್ಷಣ ಉತ್ತರ: ಬ್ಯಾಕಪ್ ಇದೆ ತಾನೆ? ಫೋನನ್ನ ಬೋರಲು ಹಾಕಿದ್ಲು. ಲೋಕದಲ್ಲಿ ಎಲ್ಲರಿಗೂ ಅದೊಂದೇ ಪ್ರಶ್ನೆ. ಗಾಜಿನಾಚೆ ಮೇಷ್ಟ್ರ ಹೆಬ್ಬೆರಳು ತಾಳ ಬದಲಾಯಿಸಿತ್ತು, ಈಗ ಎರಡೇ ಎರಡು, ವೇಗವಾಗಿ. ಹೊಸ ಇಟ್ಟಿಗೆಯ ಕೇಬಲ್ ಕಿತ್ಲು, ಬಟನ್ ಒತ್ತಿದ್ಲು, ಗುಂಯ್, ನೀಲಿ, ಕಪ್ಪು, ಬಿಳಿ ಸಾಲು. ಅಕ್ಕ ಮೇಷ್ಟ್ರ ಜೊತೆ ಏನೋ ಮಾತಾಡ್ತಿದ್ಲು, ರೋಗಿಗಳಿಗೆ ಅಂತ ಇಟ್ಟಿರೋ ಆ ಮೆತ್ತಗಿನ ದನೀಲಿ, ಮೇಷ್ಟ್ರು ಉತ್ತರಕ್ಕೆ ಬರೀ ಗಂಟಲಿಂದ ಉಂ ಅಂತಿದ್ರು. ಸೋರೋ ಗಾಳಿ. ಶನಿವಾರ ಒಂದು ದೊಡ್ಡ ಕೋಣೆ, ಸಾಲಾಗಿ ಕುರ್ಚಿ, ಮೇಷ್ಟ್ರು ಊದ್ತಾರೆ, ಸ್ವರದ ಪಕ್ಕದಿಂದ ಇಸ್ಸ್ ಅಂತ ಗಾಳಿ. ಒಬ್ರು ಪೆನ್ನಿನ ಮುಚ್ಚಳ ಹಾಕ್ತಾರೆ.

ಟಪ್ ಟಪ್.

ಮಾಮ ಒಳಗೆ ಬಂದಾಗ ಹಣೆ ಬೆವತಿತ್ತು. ಅಕ್ಕ ಆ ಕಡೆ ಬೆನ್ನು ಹಾಕಿ ಮೇಷ್ಟ್ರ ತುಟಿ ಒರೆಸ್ತಿದ್ಲು. ಮಾಮ ಡಬ್ಬೀನ ಅಕ್ಕಂಗೆ ಕೊಡ್ಲಿಲ್ಲ. ನೆಲಕ್ಕೆ ಬಗ್ಗಿ, ಬಗ್ಗೋದು ಅವರಿಗೆಷ್ಟು ಕಷ್ಟ ಅಂತ ಅವಳಿಗೆ ಕಾಣ್ತಿತ್ತು, ಒಂದು ಒರೆಸೋ ಬಟ್ಟೆ ಮುಚ್ಚಿ ಅವಳ ತೊಡೆ ಮೇಲೆ ಇಟ್ರು. ಬಟ್ಟೆ ಸಂದೀಲಿ ಪ್ಲಾಸ್ಟಿಕ್ ಹಾಳೆ ಫಳಫಳ ಅಂತು, ಅಂಗಡೀಲಿ ಅಂಟಿಸಿದ್ದ ಚೀಟಿ ಕೂಡ ಹಾಗೇ ಇತ್ತು.

"ಇಂಜಿನಿಯರಮ್ಮ," ಅಂದ್ರು ಮೆಲ್ಲಗೆ. "ನಾನು ಇದನ್ನ ತಂದಿಲ್ಲ ಅಂತ ಬೇಕಾದ್ರೆ ಹೇಳ್ತೀನಿ. ಮೇಜಿನ ಮೇಲೆ ಸಿಗ್ಲಿಲ್ಲ ಅಂತೀನಿ. ಇನ್ನೊಂದು ಅರ್ಧ ಗಂಟೆ ಸಿಗುತ್ತೆ ನಿನಗೆ."

ಅವರು ಬೈದಿದ್ರೆ ಆಗ್ತಿತ್ತು. ಬೈಯೋದಕ್ಕೆ ಅವರಿಗಿಂತ ಹಕ್ಕಿರೋರು ಯಾರು. ಕಪಾಟು ಖಾಲಿ ಮಾಡಿದ ದಿನ ಹಳೇ ಅಚ್ಚುಗಳನ್ನ ಗೋಣಿಚೀಲಕ್ಕೆ ತುಂಬ್ತಾ, ಯಾರ್ಯಾರ ಹಲ್ಲು ಅಂತ ಹೆಸರು ಹೇಳಿ ಹೇಳಿ ತುಂಬಿದ್ರು, ಅವಳು ಫೋನ್ ನೋಡ್ತಾ ಹೂಂ ಹೂಂ ಅಂದಿದ್ಲು. ಈಗ ಅದೇ ಮನುಷ್ಯ ಅವಳಿಗೋಸ್ಕರ ಸುಳ್ಳು ಹೇಳೋಕೆ ತಯಾರಾಗಿ, ಮಂಡಿ ಹಿಡ್ಕೊಂಡು, ಏದುಸಿರು ಬಿಡ್ತಾ ನಿಂತಿದಾರೆ. ಅವಳ ಸುಳ್ಳು ಕ್ಲಿನಿಕ್ ತುಂಬಾ ಓಡಾಡಿ ಒಬ್ಬೊಬ್ಬರ ಬಾಯಿಗೂ ಹೊಕ್ಕೊಂಡು ಬರ್ತಿದೆ ಅನ್ನಿಸಿ, ಡಬ್ಬಿ ಎತ್ಕೊಂಡು ಎದ್ಲು. ಕಾಲು ಜೋಮು ಹಿಡಿದಿತ್ತು.

"ಅಕ್ಕ. ಒಂದ್ನಿಮಿಷ ಈಚೆ ಬಾ."

ಅಕ್ಕ ಬಂದು ಮೊದಲು ಡಬ್ಬಿ ನೋಡಿದ್ಲು, ಆಮೇಲೆ ಹಾಳೆ ನೋಡಿದ್ಲು. ಹಲ್ಲಿನ ಎಕ್ಸ್‌ರೇ ನೋಡುವಾಗ ಅಕ್ಕ ಹೀಗೇ ನೋಡೋದು, ಎಲ್ಲಿ ಕೊಳೆತಿದೆ ಅಂತ ಕಂಡ ಮೇಲೂ ಒಂದಿಷ್ಟು ಹೊತ್ತು ನೋಡ್ತಾಳೆ.

"ಇನ್ನೊಂದು ಇದ್ಯಾ?"

"ಇಲ್ಲ."

"ಮಾಡಿದೀನಿ ಅಂದೆ."

"ಹೂಂ ಅಂದೆ."

"ನಿನ್ನ ಹೂಂಗೆ ಏನೇನು ಅರ್ಥ ಇದೆ ಅಂತ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸೇ." ಅಕ್ಕನ ದನಿ ಏರಲಿಲ್ಲ, ಅದೇ ಭಯ. "ನಾನು ಒಬ್ಬ ಮನುಷ್ಯನ ಹಲ್ಲು ಉಜ್ಜಿದೀನಿ ಕಣೇ. ಅದು ವಾಪಸ್ ಬೆಳೆಯಲ್ಲ. ನೀನು ಹೂಂ ಅಂದೆ ಅಂತ ಉಜ್ಜಿದೀನಿ. ನೀನು ಹೇಳಿದೆ ಅಂತ ಅಚ್ಚು ಬೇಡ ಅಂದೆ. ಈಗ್ ತಾನೆ ಅವರಿಗೆ ಹೇಳಿ ಬಂದಿದೀನಿ, ಕಾಪಿ ಇದೆ ಅಂತ, ನಗ್ತಾ ಹೇಳಿದೀನಿ."

"ಡಿಸ್ಕ್ ಸತ್ತಿದೆ ಅನ್ಸುತ್ತೆ ಅಕ್ಕ. ನಾನೇ ಸಾಯಿಸಿದೀನಿ. ಮುಟ್ಟಿದಾಗ ಚಿಟಕ್ ಅಂತು." ಅಳು ಬಂತು, ಆದ್ರೆ ಅಳೋದೂ ಒಂಥರಾ ಮಾತಾಡೋದೇ ಅನ್ನಿಸಿ ನುಂಗಿದ್ಲು. "ಇವತ್ತು ರಿಸಲ್ಟ್ ಬಂತು. ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದೀನಿ."

ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ಲು. ಬಾಗಿಲ ಸಂದಿಯಿಂದ ಕುರ್ಚಿ ಕಿರ್ ಅಂದದ್ದು ಕೇಳಿಸ್ತು.

"ಅದನ್ನ ಈಗ ಯಾರು ಕೇಳಿದ್ರು," ಅಂದ್ಲು. ಆಮೇಲೆ ಹಣೆ ಮೇಲಿನ ಹೆಡ್‌ಲೈಟ್ ಹಚ್ಚಿಕೊಂಡು, ಡಾಕ್ಟ್ರ ಕೋಟಿನಲ್ಲೇ ನೆಲದ ಮೇಲೆ ಅವಳ ಪಕ್ಕ ಕೂತ್ಲು. "ಹಲ್ಲು ನೋವು ಅಂತ ಬಂದವರನ್ನ ನಾನೇನು ಕೇಳ್ತೀನಿ? ಯಾವಾಗಿಂದ, ಅದಕ್ಕೆ ಮುಂಚೆ ಏನು ಮಾಡಿದ್ರಿ. ಹೇಳು. ಏನೇನು ಹಾಕ್ದೆ?"

"ಇದು. ಮತ್ತೆ ಅದು."

"ಎರಡೂ ತೆಗಿ."

"ಇದನ್ನ ಆಗ್ಲೇ ತೆಗೆದೆ, ಏನೂ ಆಗ್ಲಿಲ್ಲ. ಅದಕ್ಕೂ ಹಳೇದಕ್ಕೂ ಸಂಬಂಧಾನೇ ಇಲ್ಲ ಅಕ್ಕ, ಅದು ಬೋರ್ಡ್ ಮೇಲಿದೆ, ಹಳೇದು ಕೇಬಲ್‌ನಲ್ಲಿದೆ, ಒಂದಕ್ಕೊಂದು ತಾಕೋದೂ ಇಲ್ಲ."

"ಕೆಳಗಿನ ದವಡೆ ಹಲ್ಲು ಕೆಟ್ರೆ ಕಿವಿ ನೋಯುತ್ತೆ. ತಾಕುತ್ತಾ? ತೆಗಿ."

ಇರುವೆಯಷ್ಟು ಸ್ಕ್ರೂ. ಸ್ಕ್ರೂಡ್ರೈವರ್ ತುದಿ ಅದರ ನೆತ್ತಿ ಮೇಲೆ ಜಾರಿತು, ಮತ್ತೆ ಕೂತಿತು, ಸ್ಕ್ರೂ ಮೇಲಕ್ಕೆ ಬಂತು, ಬೆರಳಿಗೆ ಬಂತು ಅನ್ನೋವಾಗ ಹಾರಿ ಬೋರ್ಡಿನ ಯಾವುದೋ ಸಂದಿಗೆ ಟಿಣ್ ಅಂತ ಬಿತ್ತು. ಅದು ಅಲ್ಲೇ ಇದ್ದು ಕರೆಂಟ್ ಕೊಟ್ರೆ ಉಳಿದದ್ದೂ ಸುಡುತ್ತೆ ಅಂತ ಅವಳಂದ್ಲು. ಅಕ್ಕ ಕೈ ಚಾಚಿದ್ಲು, ಮಾಮ ಆ ಕೈಗೆ ಬಾಯಿ ನೋಡೋ ಪುಟ್ಟ ಕನ್ನಡಿ ಕೊಟ್ರು, ಇನ್ನೊಂದು ಕೈಗೆ ಚಿಮುಟ. ಕನ್ನಡಿ ಬೋರ್ಡಿನ ಸಂದಿ ಸಂದಿಗೂ ನುಸುಳಿತು, ಹೆಡ್‌ಲೈಟಿನ ಬೆಳಕು ಅದರೊಳಗೆ ಬಿದ್ದು ತಂತಿ ಬುಡ, ಧೂಳು, ಬೆಸುಗೆ ಹನಿ, ಎಲ್ಲಾ ಯಾರದ್ದೋ ಬಾಯೊಳಗಿನ ಥರ ಕಾಣ್ತಿತ್ತು. ಅಕ್ಕನ ಭುಜ ಅವಳ ಭುಜಕ್ಕೆ ಒತ್ತಿಕೊಂಡಿತ್ತು, ಲವಂಗದೆಣ್ಣೆ ವಾಸನೆ. ಅಕ್ಕನ ಕೈ ನಡುಗ್ತಿರ್ಲಿಲ್ಲ. ಈ ಕೈ ಯಾವತ್ತೂ ನಡುಗಲ್ಲ ಅಂತ ಅವಳು ಅಂದ್ಕೊಂಡಿದ್ಲು, ಈಗ ಇಷ್ಟು ಹತ್ತಿರದಿಂದ ನೋಡಿದ್ರೆ ಮಣಿಕಟ್ಟನ್ನ ಡಬ್ಬಿಯ ಅಂಚಿಗೆ ಬಲವಾಗಿ ಒತ್ತಿ ಹಿಡಿದಿದ್ಲು.

"ಬಾಯಿ ತೆರೆ, ಇನ್ನೂ ದೊಡ್ಡದಾಗಿ," ಅಂತ ಗೊಣಗಿದ್ಲು ಅಕ್ಕ ಬೋರ್ಡಿಗೆ. ಅಭ್ಯಾಸಕ್ಕೆ ಬಂದ ಮಾತು. ಮಾಮ ನಕ್ಕುಬಿಟ್ರು, ತಕ್ಷಣ ನಿಲ್ಲಿಸಿದ್ರು. ಚಿಮುಟದ ತುದೀಲಿ ಸ್ಕ್ರೂ ಮೇಲೆ ಬಂತು.

ಪಟ್ಟಿ ಥರದ್ದನ್ನ ಸೀಳಿನಿಂದ ಎಳೆದು ಪಕ್ಕಕ್ಕಿಟ್ಲು. ಎಷ್ಟನೇ ಸಲ ಅನ್ನೋ ಲೆಕ್ಕ ತಪ್ಪಿತ್ತು. ಒತ್ತಿದ್ಲು. ಗುಂಯ್. ನೀಲಿ. ಕಪ್ಪು. ಆ ಕಪ್ಪು ಇದ್ದಷ್ಟೂ ಹೊತ್ತು ಅವಳು ಪರದೆ ನೋಡ್ಲಿಲ್ಲ, ಅಕ್ಕನ ಮುಖ ನೋಡ್ತಿದ್ಲು, ಅದರ ಮೇಲೆ ಬೀಳೋ ಬೆಳಕು ಯಾವ ಬಣ್ಣದ್ದು ಅಂತ. ನೀಲಿ ಬಿತ್ತು. ಹಸಿರು ಬಿತ್ತು. ಅಕ್ಕನ ಪರದೆ ಮೇಲೆ ಯಾವಾಗ್ಲೂ ಇರೋ ಸಮುದ್ರದ ಚಿತ್ರದ ಬಣ್ಣ.

ಸತ್ತಿರ್ಲಿಲ್ಲ. ಆ ಪಟ್ಟಿಗೂ ಹಳೇ ಡಿಸ್ಕ್ ಸಿಕ್ಕಿಸಿದ್ದ ಕಿಂಡಿಗೂ ಒಳಗೊಳಗೇ ಒಂದೇ ದಾರಿ, ಪಟ್ಟಿ ಬಂದು ಕೂತ್ರೆ ಆ ಕಿಂಡಿ ಮುಚ್ಚಿಕೊಳ್ಳುತ್ತೆ, ಅಷ್ಟೇ. ಕಿಂಡಿ ಬದಲಾಯಿಸಿದ್ರೆ ಎರಡೂ ಇರ್ತವೆ. ಬೋರ್ಡಿನ ಜೊತೆ ಬರೋ ಪುಸ್ತಕದಲ್ಲಿ ಒಂದು ಸಾಲು ಇದ್ದೇ ಇರುತ್ತೆ, ಅವಳು ಓದಿರ್ಲಿಲ್ಲ. ಅಷ್ಟೇ ಅಂತ ಹೇಳೋಕೆ ಬಾಯಿ ತೆರೆದವಳು ಮುಚ್ಚಿದ್ಲು. ಹೇಳೋದೆಲ್ಲಾ ಇನ್ನೊಂದು ದಿನಕ್ಕಿರ್ಲಿ. ಇಟ್ಟಿಗೆಯನ್ನ ವಾಪಸ್ ಸಿಕ್ಕಿಸಿ, ಯಾರೂ ಏನೂ ಹೇಳೋ ಮುಂಚೆ ಮೇಷ್ಟ್ರ ಫೈಲನ್ನ ಅದಕ್ಕೆ ಕಾಪಿ ಹಾಕಿದ್ಲು. ಮೂರು ನಿಮಿಷ ನಲವತ್ತು ಸೆಕೆಂಡು. ಬೆರಳನ್ನ ಎಲ್ಲೂ ಇಡದೆ, ಗಾಳೀಲಿ ಹಿಡಿದು ಕಾದ್ಲು. ಫೈಲ್ ತೆರೆದ್ಲು. ನಾಲ್ಕು ಹಲ್ಲು, ಬಿರುಕು, ಕಚ್ಚು.

ಅಕ್ಕ ಎದ್ದು ಕೋಟಿನ ಧೂಳು ಕೊಡವಿ, ಹೊಸ ಕೈಗವಸು ಎಳ್ಕೊಂಡು, ಮಾಸ್ಕ್ ಮೇಲೇರಿಸಿ ಒಳಗೆ ಹೋದ್ಲು. ಅವಳು ಹಿಂದೆ ಹೋಗಿ ಬಾಗಿಲಲ್ಲಿ ನಿಂತ್ಲು.

"ಸಿಕ್ತು ಮೇಷ್ಟ್ರೇ," ಅಂದ್ಲು ಅಕ್ಕ. "ಹೆದರೋ ಅಂಥದ್ದೇನೂ ಇರ್ಲಿಲ್ಲ. ಇನ್ನೊಂದು ಕಾಪಿ ಇದ್ದೇ ಇತ್ತು, ಆದ್ರೂ ಮೂಲದ್ದೇ ಸಿಕ್ಕಿದ್ದು ಒಳ್ಳೇದಾಯ್ತು."

ಅಪ್ಪನ ಅಲಾರಂ ಗಡಿಯಾರ ಬಿಚ್ಚಿ ಚಕ್ರಗಳನ್ನೆಲ್ಲ ಹಾಸಿಗೆ ಮೇಲೆ ಹರಡಿ ಕೂತಾಗ ಅವಳಿಗೆ ಆರು ವರ್ಷ, ಅಕ್ಕಂಗೆ ಹದಿನಾರು. ಅಪ್ಪ ಬಾಗಿಲಲ್ಲಿ ನಿಂತು ಗಡಿಯಾರ ಎಲ್ಲಿ ಅಂದಾಗ ಅಕ್ಕ ಚಕ್ರಗಳ ಮೇಲೆ ಹೊದಿಕೆ ಎಳೆದು, ರಿಪೇರಿಗೆ ಕೊಟ್ಟಿದೀನಪ್ಪಾ, ನಾಳೆ ಬರುತ್ತೆ ಅಂದಿದ್ಲು, ಇದೇ ದನೀಲಿ, ಇಷ್ಟೇ ಮೆತ್ತಗೆ, ಅಪ್ಪ ನಂಬಿ ಹೋಗಿದ್ರು, ಅವಳು ಹೊದಿಕೆ ಅಡಿ ಕೈ ಹಾಕಿ ಆ ಚೂಪು ಚೂಪು ಚಕ್ರಗಳನ್ನ ಮುಟ್ಟಿ ಮುಟ್ಟಿ ನೋಡ್ತಾ, ಸುಳ್ಳು ಅಂದ್ರೆ ಬೆಚ್ಚಗಿರೋದು ಅಂತ ಕಲಿತಿದ್ಲು.

ಮೇಷ್ಟ್ರ ಹೆಬ್ಬೆರಳು ನಿಂತಿತು. ಮೊಣಕೈ ಊರಿ ಮೇಲೆದ್ರು. ತುಟಿ ಒಂದು ಕಡೆ ಜೋತುಬಿದ್ದಿತ್ತು, ಜೊಲ್ಲು ಒರೆಸ್ಕೊಂಡು, ಒಂದೊಂದೇ ಮಾತನ್ನ ಜೋಪಾನವಾಗಿ ಆಚೆ ಇಟ್ರು.

"ನೀವು ಮರಗಟ್ಟಿಸಿದ್ದು ತುಟೀನ ಡಾಕ್ಟ್ರೇ. ಕಿವೀನ ಅಲ್ಲ."

ಅಕ್ಕನ ಕಿವಿ ಕೆಂಪಾದದ್ದು ಮಾಸ್ಕಿನ ದಾರದ ಹಿಂದೆ ಕಾಣಿಸ್ತು. ಯಾವತ್ತೂ ಯಾರಿಗೂ ಅಕ್ಕ ಹೀಗೆ ಕಂಡಿರ್ಲಿಲ್ಲ, ಮೇಲಿನ ಹೊದಿಕೆ ಕಿತ್ತೆಳೆದ ಹಾಗೆ.

"ಕಾಪಿ ಇರ್ಲಿಲ್ಲ ಸಾರ್," ಅಂದ್ಲು ಅವಳು. "ಮಾಡಿದೀನಿ ಅಂತ ನಾನು ಅಕ್ಕಂಗೆ ಸುಳ್ಳು ಹೇಳಿದ್ದೆ. ಅಚ್ಚು ಬೇಡ ಅಂದಿದ್ದೂ ನಾನೇ. ಈಗ ಮಾಡಿದೀನಿ, ಈಗ ತಾನೆ. ನಿಮಗೆ ಬೇಕಾದ್ರೆ ಬೇರೆ ಡಾಕ್ಟ್ರ ಹತ್ರ ತಗೊಂಡು ಹೋಗಿ, ಫೈಲ್ ಕೊಡ್ತೀನಿ."

"ಕಚ್ಚು?"

"ಇದೆ."

ಪರದೇನ ಅವರ ಕಡೆ ತಿರುಗಿಸಿದ್ಲು. ಮೇಷ್ಟ್ರು ತಮ್ಮ ಹಲ್ಲನ್ನ ತುಂಬಾ ಹೊತ್ತು ನೋಡಿದ್ರು. ನೋಡ್ತಾ ನೋಡ್ತಾ ನಾಲಿಗೆ ಬಾಯೊಳಗೆ ಗೂಟಗಳ ಮೇಲೆ ಓಡಾಡ್ತಿದ್ದದ್ದು ಕೆನ್ನೆ ಮೇಲೆ ಕಾಣ್ತಿತ್ತು, ಇದ್ದದ್ದನ್ನ ಇಲ್ಲದ್ದರ ಜೊತೆ ಸರಿ ನೋಡೋರ ಹಾಗೆ. ಆಮೇಲೆ ಅವರು ಅಕ್ಕನನ್ನ ನೋಡಿದ್ರು, ಅವಳನ್ನ ನೋಡಿದ್ರು, ಹಿಂದಕ್ಕೆ ಒರಗಿದ್ರು.

"ಲೈಟ್ ಹಿಡಿ," ಅಂದ್ಲು ಅಕ್ಕ, ಅವಳ ಕಡೆ ನೋಡದೆ.

ಹಿಡಿದ್ಲು. ಮೇಷ್ಟ್ರು ಬಾಯಿ ತೆರೆದ್ರು. ನಂಬಿ ತೆರೆದ್ರೋ, ಬೇರೆ ದಾರಿ ಇಲ್ಲ ಅಂತ ತೆರೆದ್ರೋ ಅಂತ ಅವಳು ಬೆಳಕಿನಲ್ಲಿ ಹುಡುಕಿದ್ಲು, ಗೊತ್ತಾಗ್ಲಿಲ್ಲ. ಎರಡಕ್ಕೂ ಬಾಯಿ ಅಷ್ಟೇ ಅಗಲ ತೆರೆಯುತ್ತೆ.